ಮುತ್ತಜ್ಜಿಯ ಹೆಸರಿಗೆ ಸಾಕ್ಷಿ

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅಮೆರಿಕದ ರೆಂಟನ್ನಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರಿವೆಟ್ ಮೊಳೆ ಹೊಡೆದ ಕೈ ಅದು. ಆ ಬೋಳು ಹೆಬ್ಬೆರಳನ್ನು ಲ್ಯಾಪ್‌ಟಾಪಿನ ಪರದೆಗೆ ಒತ್ತಿ, ಕೆನಡಾದ ಹಳೆಯ ಚರ್ಚುಗಳ ರಿಜಿಸ್ಟರನ್ನು ಸಾಲುಸಾಲಾಗಿ ಓದುತ್ತಿದ್ದರು. ಪರದೆ ತುಂಬ ಬೆರಳಿನ ಗುರುತು. ಒರೆಸಿಕೊಟ್ಟರೆ ಮರುವಾರ ಮತ್ತೆ ಅದೇ ಕಥೆ.

ನಮ್ಮ ಪಕ್ಕದ ಮನೆಯ ಮುದುಕರು, ಒಂಟಿ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ಮಗ ದೂರದ ರಾಜ್ಯದಲ್ಲಿದ್ದ. ಕಂಪ್ಯೂಟರ್ ಕೈಕೊಟ್ಟಾಗ ನನ್ನನ್ನು ಕರೆಯುತ್ತಿದ್ದರು. ಆಮೇಲೆ ಶನಿವಾರ ಬೆಳಿಗ್ಗೆ ನಾನೇ ಹೋಗುವುದು ರೂಢಿಯಾಯಿತು. ಫ್ರಾನ್ಸಿನಿಂದ ಹಡಗು ಹತ್ತಿ ಕೆನಡಾಕ್ಕೆ ಬಂದ ಒಬ್ಬ ಸಿಪಾಯಿ ಅವರ ವಂಶದ ಮೂಲಪುರುಷ. ಅವನವರೆಗಿನ ಎಲ್ಲರನ್ನೂ ಹುಡುಕಿ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಪ್ರತಿ ಹೆಸರಿನ ಕೆಳಗೂ ಸಾಕ್ಷಿ ಯಾರೆಂದು ಬರೆಯಲೇಬೇಕು. "ಆ ಕಾಲದ ಪಾದ್ರಿಗಳು ಹಾಗೇ ಬರೀತಿದ್ರು. ಸಾಕ್ಷಿ ಇಲ್ಲದ ಹೆಸರು ಗಾಳಿಮಾತು" ಎನ್ನುತ್ತಿದ್ದರು. ಅವರ ಇಂಗ್ಲಿಷು ಯಾಕೋ ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಉಳಿದಿದೆ.

ಇಷ್ಟು ಶಿಸ್ತಿನ ಮನುಷ್ಯ ಒಂದು ದೊಡ್ಡ ತಪ್ಪು ಮಾಡಿದ್ದರು. ಆ ಸಿಪಾಯಿಗೆ ಮನೆತನದ ಹೆಸರೊಂದು, ಪಡೆಯಲ್ಲಿ ಇಟ್ಟ ಅಡ್ಡಹೆಸರೊಂದು. ಆಗ ಅದೇ ಪದ್ಧತಿಯಂತೆ. ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಇದನ್ನು ಹಿಡಿದರು, ಕೆಲವರು ಅದನ್ನು. ಇವರು ತಮಗೆ ಗೊತ್ತಿದ್ದ ಒಂದೇ ಹೆಸರಿನಲ್ಲಿ ಒಂಬತ್ತು ವರ್ಷ ಹುಡುಕಿದರು. ಎರಡನೆಯದು ಪಕ್ಕದ ಊರಾದ ಕೆಂಟ್‌ನಲ್ಲಿದ್ದ ಅವರ ಸೋದರತ್ತೆಗೆ ಗೊತ್ತಿತ್ತು. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಮುದುಕಿಗೆ ಅರಳುಮರಳು ಎಂದುಕೊಂಡು ಇವರು ಕೇಳಲೇ ಇಲ್ಲ. ಆಕೆ ತೀರಿಕೊಂಡ ಮೇಲೆ ಆಕೆಯ ಪ್ರಾರ್ಥನಾ ಪುಸ್ತಕದಲ್ಲಿ ಎರಡು ಹೆಸರೂ ಒಟ್ಟಿಗೆ ಸಿಕ್ಕವು. ಆದರೆ ಇವರ ಅಜ್ಜಿಯ ತಾಯಿ ಯಾರೆಂಬುದು ಅಲ್ಲಿರಲಿಲ್ಲ. ಆ ತಾಯಿಯ ಊರಿನ ಚರ್ಚು ರಿಜಿಸ್ಟರಿನ ಸಮೇತ ಸುಟ್ಟುಹೋಗಿತ್ತು. ಬಾಯಲ್ಲಿ ಹೇಳಬಲ್ಲವಳನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದರು.

ಒಂದು ಶನಿವಾರ ನಾನು ತಮಾಷೆಗೆ ನಮ್ಮ ಮನೆಯ ಕಥೆ ಹೇಳಿದೆ. ಅಪ್ಪ ಹೋದ ಮೇಲೆ ತರ್ಪಣಕ್ಕೆ ಕೂತಾಗ, ವಿಡಿಯೊದಲ್ಲಿದ್ದ ಪುರೋಹಿತರು ನನ್ನ ಮುತ್ತಜ್ಜಿಯ ಹೆಸರು ಕೇಳಿದರು. ತಿಳಿಯದು ಎಂದೆ. "ಪರವಾಗಿಲ್ಲ, ಲಕ್ಷ್ಮಿ ಅಂದ್ಬಿಡಿ" ಎಂದರು. ಅಂದುಬಿಟ್ಟೆ.

ಅವರು ನಗಲಿಲ್ಲ. ಕಾಫಿ ಮಗ್ ಕೆಳಗಿಟ್ಟರು.

"ಆಕೆ ಹೆಸರು ಗೊತ್ತಿರೋರು ಯಾರಾದ್ರೂ ಬದುಕಿದಾರಾ?"

"ಮೈಸೂರಲ್ಲಿ ನಮ್ಮತ್ತೆ ಇದಾರೆ, ಅಪ್ಪನ ಅಕ್ಕ. ದೀಪಾವಳಿಗೆ ಕಾಲ್ ಮಾಡಿದಾಗ ಕೇಳ್ತೀನಿ."

"ಈಗ ಮಾಡು. ನನ್ನೆದುರಿಗೇ. ಕಾಗದ ಕಾಯತ್ತೆ ಕಣಪ್ಪ, ಮನುಷ್ಯರು ಕಾಯಲ್ಲ."

ಮಾಡಿದೆ. ಅತ್ತೆ ಮೊದಲು ಬೈದರು. "ಅಂತೂ ಜ್ಞಾಪಕ ಬಂತೇನೋ, ಅತ್ತೆ ಅನ್ನೋಳು ಇದಾಳೆ ಅಂತ? ನಮ್ಮಜ್ಜಿನಾ? ತವರಲ್ಲಿ ನಂಜಮ್ಮ ಕಣೋ. ಮದ್ವೆ ದಿನ ನಮ್ಮನೇಲಿ ಹೆಸ್ರು ಬದಲಾಯಿಸಿ ಸೀತಮ್ಮ ಅಂತ ಇಟ್ರು. ಆದ್ರೆ ನಂಜಿ ಅಂತ ಕರೆದ್ರೇ ಅವಳ ಮುಖ ಅರಳ್ತಿದ್ದಿದ್ದು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. "ಇವಳಿಗೂ ಎರಡು!" ಎಂದು ಮುದುಕರು ಕಣ್ಣೊರೆಸಿಕೊಂಡರು.

ಅತ್ತೆ ಆ ದೀಪಾವಳಿ ಕಾಣಲಿಲ್ಲ.

ಮರುವರ್ಷ ಮುದುಕರೂ ಹಾಸಿಗೆ ಹಿಡಿದರು, ಹುಡುಕಾಟ ನನ್ನ ಕೈಗೆ ಬಂತು. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ, "ಅಜ್ಜಿಯ ತಾಯಿ ಸಿಕ್ಕಳಾ?" ಎಂದರು. ಯಾವುದೋ ಒಂದು ಹೆಸರು ಹೇಳಿ ಅವರನ್ನು ನೆಮ್ಮದಿಯಾಗಿ ಕಳಿಸಬಹುದಿತ್ತು. ನಾಲಿಗೆ ಏಳಲಿಲ್ಲ. ಇನ್ನೂ ಇಲ್ಲ ಎಂದೆ. ಅವರು ಆ ಹೆಬ್ಬೆರಳನ್ನು ನನ್ನ ಅಂಗೈಗೆ ಒತ್ತಿದರು. ಎರಡು ದಿನಕ್ಕೆ ಹೋಗಿಬಿಟ್ಟರು. ನಾನು ಮಾಡಿದ್ದು ಸರಿಯೇ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಮನೆ ಖಾಲಿ ಮಾಡಲು ಬಂದ ಮಗ ನೋಟ್‌ಬುಕ್ಕನ್ನು ನನಗೆ ಕೊಟ್ಟ. ಅಜ್ಜಿಯ ತಾಯಿಯ ಜಾಗದಲ್ಲಿ ಬರೀ ಗೆರೆ. ಕೊನೆಯ ಪುಟದಲ್ಲಿ, ನಡುಗುವ ಇಂಗ್ಲಿಷ್ ಅಕ್ಷರದಲ್ಲಿ ನಂಜಮ್ಮ, ಸೀತಮ್ಮ. ಹೇಳಿದವರು, ಮೈಸೂರಿನ ಅತ್ತೆ. ಸಾಕ್ಷಿ ಎಂಬಲ್ಲಿ ಮುದುಕರದೇ ಸಹಿ. ನನ್ನ ಮುತ್ತಜ್ಜಿ ಬದುಕಿದ್ದಳು ಎಂಬುದಕ್ಕೆ ಈ ಲೋಕದಲ್ಲಿರುವ ದಾಖಲೆ ಅದೊಂದೇ.

ಈ ಸಲದ ಮಹಾಲಯ ಅಮಾವಾಸ್ಯೆಗೆ ನಂಜಮ್ಮನ ಹೆಸರು ಹೇಳಿಯೇ ಎಳ್ಳು ನೀರು ಬಿಟ್ಟೆ. ಮುದುಕರಿಗೆ, ಅವರ ಮನೆತನದ ಎರಡು ಹೆಸರನ್ನೂ ಹೇಳಿ, ಒಂದು ಬೊಗಸೆ. ಅವರ ಅಜ್ಜಿಯ ತಾಯಿಗೆಂದು ಇನ್ನೊಂದು ಎತ್ತಿದಾಗ ಪುರೋಹಿತರು ಹೆಸರು ಕೇಳಿದರು. ಗೊತ್ತಿಲ್ಲ ಎಂದೆ.

"ಹಾಗಾದ್ರೆ ಲಕ್ಷ್ಮಿ ಅಂದ್ಬಿಡಿ."

"ಬೇಡ ಸ್ವಾಮಿ," ಎಂದೆ. "ಇನ್ನೂ ಹುಡುಕ್ತಾ ಇದೀನಿ."