ಪದ್ಮಜಾ ಎಳ್ಳು ಬೀರಿದ ಊರು

ಮಿಷಿಗನ್‌ನ ನೋವೈ ಊರಿನ ಪದ್ಮಜಾ ಅವರಿಗೆ ಸಂಕ್ರಾಂತಿಯ ಮೇಲೆ ಒಂದು ಹಳೆಯ ಸಿಟ್ಟಿತ್ತು. ಅಲ್ಲಿಗೆ ಬಂದಲ್ಲಿಂದ ಹಬ್ಬ ಆಗುತ್ತಿದ್ದುದು ಸೂರ್ಯ ತಿರುಗಿದ ದಿನವಲ್ಲ, ಕನ್ನಡ ಸಂಘಕ್ಕೆ ಹಾಲ್ ಖಾಲಿ ಸಿಕ್ಕ ಶನಿವಾರ. ಆ ಶನಿವಾರವಾದರೂ ಸೂರ್ಯ ಕಾಣುತ್ತಿದ್ದನೇ ಎಂದರೆ ಅದೂ ಇಲ್ಲ. ಲಿವೋನಿಯಾದ ಪೇಂಟ್ ಲ್ಯಾಬಿನಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ಚಳಿಗಾಲದಲ್ಲಿ ಕತ್ತಲಲ್ಲೇ ಹೋಗಿ ಕತ್ತಲಲ್ಲೇ ಬಂದವರು ಅವರು. ಇನ್ನು ಎಳ್ಳುಬೆಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕೈಯಿಂದ ಕೈಗೆ ದಾಟಿ ನೇರ ಕಾರು ಸೇರುತ್ತಿತ್ತು. ಮನೆಮನೆಗೆ ಹೋಗಿ ಎಳ್ಳು ಬೀರುವ ಸುಖ ಮೈಸೂರಿನಲ್ಲೇ ಉಳಿದುಹೋಗಿತ್ತು.

ನಿವೃತ್ತರಾದ ಮೊದಲ ಚಳಿಗಾಲ ಒಂದು ಸುದ್ದಿ ಅವರ ತಲೆಗೆ ಹೊಕ್ಕಿತು. ಕೆನಡಾದ ಉತ್ತರದ ತುದಿಯಲ್ಲಿ ಇನುಇಟ್ ಜನರ ಪುಟ್ಟ ಊರೊಂದಿದೆಯಂತೆ. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಅಲ್ಲಿಗೆ ಮರಳುವುದು ಸರಿಯಾಗಿ ಸಂಕ್ರಾಂತಿಯ ಹೊತ್ತಿಗೆ. ಊರಿಗೆ ಊರೇ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಿಂತು ಅವನನ್ನು ಎದುರುಗೊಳ್ಳುತ್ತದಂತೆ. ಅಲ್ಲಿಗೆ ಹೋಗಲೇಬೇಕು ಎಂದು ಪದ್ಮಜಾ ಪಟ್ಟು ಹಿಡಿದರು.

"ಬಿಸಿಲು ಬೇಕಾದ್ರೆ ಫ್ಲಾರಿಡಾ ಇದೆ ಕಣೇ," ಎಂದರು ಗಂಡ ಹಯವದನ. "ಸೂರ್ಯನ್ನ ಹುಡುಕ್ಕೊಂಡು ಯಾರಾದ್ರೂ ಫ್ರೀಜರ್ ಒಳಗೆ ಹೋಗ್ತಾರಾ?"

ಅವರು ಬರಲಿಲ್ಲ. ಪದ್ಮಜಾ ಒಬ್ಬರೇ ಹೊರಟರು.

ಯಡವಟ್ಟು ಆದದ್ದು ಕೊನೆಯ ಚಿಕ್ಕ ವಿಮಾನದ ಕೌಂಟರಿನಲ್ಲಿ. ಭಾರ ಹೆಚ್ಚಾಯಿತು, ಈಗ ಒಂದೇ ಚೀಲ, ಇನ್ನೊಂದು ಮುಂದಿನ ವಿಮಾನದಲ್ಲಿ ಬರುತ್ತದೆ ಎಂದರು. ಒಂದರಲ್ಲಿ ದಪ್ಪ ಬೂಟು, ದಪ್ಪ ಜಾಕೆಟ್, ಹತ್ತಿ ತುಂಬಿದ ಪ್ಯಾಂಟ್. ಇನ್ನೊಂದರಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಅವಲಕ್ಕಿ, ಚಟ್ನಿಪುಡಿ. ನಮ್ಮ ಹೆಂಗಸರನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಟ್ಟೆ ಎಲ್ಲಾದರೂ ಸಿಗುತ್ತದೆ, ಸಕ್ಕರೆ ಅಚ್ಚು ಸಿಗುತ್ತದೆಯೇ ಎಂದುಕೊಂಡು ಪದ್ಮಜಾ ತಿಂಡಿಯ ಚೀಲವನ್ನೇ ಅಪ್ಪಿಕೊಂಡು ಹತ್ತಿದರು. ಗಾಳಿ ಎದ್ದು ಮುಂದಿನ ವಿಮಾನ ರದ್ದಾಯಿತು.

ಊರಿನ ಗೆಸ್ಟ್‌ಹೌಸ್ ನಡೆಸುತ್ತಿದ್ದ ಲೇಯಾ ಪದ್ಮಜಾರ ಕಾಲಿನ ಬೂಟು ನೋಡಿ ತಲೆಯಾಡಿಸಿದಳು. ಅದು ನೋವೈನಲ್ಲಿ ಕಾರಿನಿಂದ ಅಂಗಡಿಯ ಬಾಗಿಲಿನವರೆಗೆ ನಡೆಯುವ ಬೂಟು. "ನಾಳೆ ಮಧ್ಯಾಹ್ನ ಸೂರ್ಯ ಬರ್ತಾನೆ. ಆದರೆ ಈ ಬಟ್ಟೇಲಿ ನಿಮ್ಮನ್ನ ಮಂಜಿನ ಮೇಲೆ ಎಳೆಯೋ ಸ್ಲೆಡ್ ಗಾಡೀಲಿ ಕೂರಿಸ್ಕೊಂಡು ಹೋಗೋಕೆ ಆಗಲ್ಲ. ಮೈನಸ್ ಮೂವತ್ತು ಡಿಗ್ರಿ ಇದೆ," ಎಂದಳು. ಊರಿಗೆ ಅಡ್ಡಲಾಗಿ ಗುಡ್ಡವಿದ್ದುದರಿಂದ ಕಿಟಕಿಯಿಂದ ಏನೂ ಕಾಣುವಂತಿರಲಿಲ್ಲ. ಮರುದಿನ ಮುಂಜಾನೆಯೇ ಅಂಗಡಿಗೆ ಹೋಗಿ ನೋಡಿದರೆ, ಅವರ ಅಳತೆಯದು ಒಂದೂ ಉಳಿದಿರಲಿಲ್ಲ.

ಪದ್ಮಜಾ ಅವರಿಗೆ ಅಳು ಬಂತು. ಇಷ್ಟು ದೂರ ಬಂದೂ ಮತ್ತೆ ಗೋಡೆಯೊಳಗಿನ ಸಂಕ್ರಾಂತಿಯೇ. ಆದರೂ ಹಬ್ಬ ಹಬ್ಬವೇ ತಾನೇ ಎಂದು ಕಣ್ಣೊರೆಸಿಕೊಂಡು, ಸೀರೆಯ ಮೇಲೆ ಲೇಯಾಳ ಬಿಗಿಯಾದ ಜಾಕೆಟ್ ಏರಿಸಿ, ಡಬ್ಬಿ ಹಿಡಿದು ಲೇಯಾಳ ಜೊತೆ ಪಕ್ಕದ ಮನೆಗೆ ಎಳ್ಳು ಬೀರಲು ಹೊರಟರು. ಅದು ಲೇಯಾಳ ತಾಯಿ ಎಲಿಸಾಪಿಯ ಮನೆ.

ಅಜ್ಜಿ ಎಳ್ಳುಬೆಲ್ಲವನ್ನು ಅನುಮಾನದಿಂದಲೇ ಬಾಯಿಗೆ ಹಾಕಿಕೊಂಡು, ಆಮೇಲೆ ಹಿಡಿಯಷ್ಟು ತಿಂದರು. ಸಕ್ಕರೆಯ ಗಿಳಿಯನ್ನು ಮಾತ್ರ ತಿನ್ನದೆ ತಿರುಗಿಸಿ ತಿರುಗಿಸಿ ನೋಡಿ ಜೇಬಿಗಿಳಿಸಿದರು. ಸೂರ್ಯನನ್ನು ನೋಡಲು ಬರುವುದಿಲ್ಲವೇ ಎಂದು ಕೇಳಿದರು. ಲೇಯಾ ಕಾರಣ ಹೇಳಿದಳು. ಅಜ್ಜಿ ಡಬ್ಬಿ ಹಿಡಿದು ಒಳಗೆ ಹೋದರು. ಎಳ್ಳು ತಂದವರ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಆಕೆಗೆ ಯಾರು ಹೇಳಿದ್ದರೋ, ಹೊರಗೆ ಬಂದಾಗ ಡಬ್ಬಿಯ ಕೆಳಗೆ ದೊಡ್ಡದೊಂದು ಗಂಟಿತ್ತು. ತುಪ್ಪಳದ ಅಂಗಿ, ಪ್ಯಾಂಟ್, ಬೂಟು. ತಾವೇ ಹೊಲಿದದ್ದಂತೆ.

ಪದ್ಮಜಾ ಎಂದರೆ ಸೊಸೆ ಕೊಟ್ಟ ಚರ್ಮದ ಕೈಚೀಲವನ್ನು ಮುಲಾಜಿಲ್ಲದೆ ವಾಪಸು ಕಳಿಸಿದವರು. ಗಂಟನ್ನು ಮುಂದಿಟ್ಟುಕೊಂಡು ಗಂಡನಿಗೆ ಫೋನ್ ಮಾಡಿದರು.

"ಚರ್ಮ ಕಣ್ರೀ. ಹಬ್ಬದ ದಿನ ಇದನ್ನ ಹಾಕ್ಕೊಂಡು ಸೂರ್ಯನಿಗೆ ಹೇಗ್ರೀ ಕೈ ಮುಗಿಯೋದು?"

"ಯಾವ ಪ್ರಾಣೀದು?"

"ಕ್ಯಾರಿಬೂ. ಜಿಂಕೆ ಜಾತೀದಂತೆ."

"ಅಕ್ಷೋಭ್ಯನ ಮುಂಜೀಲಿ ಅವನ ಜನಿವಾರಕ್ಕೆ ಕೃಷ್ಣಾಜಿನ ಕಟ್ಟಿದ್ರಲ್ಲ, ಅದನ್ನ ಮೈಸೂರಿಂದ ತರಿಸಿದ್ದು ಯಾರು?"

"ನಾನೇ."

"ಅದು ಜಿಂಕೆ ಚರ್ಮ ತಾನೇ? ಮಗನಿಗೆ ಒಂದು ತುಂಡು, ನಿಂಗೆ ಪೂರ್ತಿ. ಹಾಕ್ಕೊಂಡು ಹೋಗು ಪದ್ಮಾ. ಅಷ್ಟು ದೂರ ಹೋಗಿ ನೋಡದೇ ಬರಬೇಡ."

ಈ ಮನುಷ್ಯನ ಬಾಯಲ್ಲಿ ಇಂಥ ಮಾತು ಬಂದದ್ದೇ ತಡ, ಪದ್ಮಜಾ ತುಪ್ಪಳದ ಅಂಗಿಯನ್ನು ಕೈಗೆತ್ತಿಕೊಂಡರು. ಬೂಟು ಸೀಲ್ ಎಂಬ ಕಡಲಪ್ರಾಣಿಯ ಚರ್ಮದ್ದು ಎಂಬ ವಿಷಯವನ್ನು ಮಾತ್ರ ಹೇಳಲಿಲ್ಲ.

ಮಧ್ಯಾಹ್ನ ಊರೆಲ್ಲ ಮಂಜುಗಡ್ಡೆಯ ಮೇಲೆ ನೆರೆದಿತ್ತು. ದಕ್ಷಿಣದ ಅಂಚು ಕೆಂಪಾಗುತ್ತಾ ಬಂತು. ತುಪ್ಪಳದೊಳಗೆ ಪದ್ಮಜಾ ಬೆಚ್ಚಗಿದ್ದರು. ಲೇಯಾ ಕಿವಿಯಲ್ಲಿ ಹೇಳಿದಳು, "ಅರ್ಧ ಮುಖದಲ್ಲಿ ಮಾತ್ರ ನಗಬೇಕು. ಬಂದ ಸೂರ್ಯನಿಗೆ ಅರ್ಧ ನಗು. ಚಳಿ ಇನ್ನೂ ಹೋಗಿಲ್ಲವಲ್ಲ, ಅದಕ್ಕೆ ಇನ್ನರ್ಧ ಗಟ್ಟಿ ಮುಖ. ನಮ್ಮಲ್ಲಿ ಹಿಂದಿನಿಂದ ಬಂದದ್ದು."

ಬಳೆಯ ಚೂರಿನಷ್ಟು ಸೂರ್ಯ ಮೇಲೆದ್ದ. ಪದ್ಮಜಾ ಕೈ ಮುಗಿದರು. ತುಟಿಯ ಒಂದು ಕೊನೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಆಗಲಿಲ್ಲ. ಮುಖವೆಲ್ಲ ನಕ್ಕುಬಿಟ್ಟಿತು, ಕಣ್ಣಿಂದ ನೀರೂ ಬಂತು. ಎಲಿಸಾಪಿ ಅದನ್ನು ನೋಡಿ ಏನೋ ಅಂದರು.

"ಇವಳಿಗೆ ಅರ್ಧ ನಗೋದು ಬರಲ್ಲ, ಬಿಡಿ ಅಂತಿದ್ದಾಳೆ ಅಮ್ಮ," ಎಂದಳು ಲೇಯಾ.

ಅಜ್ಜಿ ಜೇಬಿನಿಂದ ಸಕ್ಕರೆಯ ಗಿಳಿಯನ್ನು ತೆಗೆದು, ಹಲ್ಲಿನಿಂದ ಕಟಕ್ಕನೆ ಎರಡು ಮಾಡಿ, ಅರ್ಧವನ್ನು ಪದ್ಮಜಾರ ಮುಂದೆ ಹಿಡಿದರು. ಹುಟ್ಟಿದಾಗಿನಿಂದ ಯಾರ ಎಂಜಲನ್ನೂ ಮುಟ್ಟದ ಪದ್ಮಜಾ ಅದನ್ನು ಇಸಿದುಕೊಂಡು ಬಾಯಿಗೆ ಹಾಕಿಕೊಂಡರು.