ಅರ್ಧ ಸುತ್ತಿಗೆ ನಿಲ್ಲುವ ಹುಡುಗಿಯರು

ನಾನು ವ್ಯಾಯಾಮ ಶಿಕ್ಷಕಿ. ಮದರಾಸಿನ ಕಾಲೇಜಿನಲ್ಲಿ ಅಂಗೈ ಅಗಲದ ತೊಲೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತು ಚಪ್ಪಾಳೆ ಗಿಟ್ಟಿಸಿದವಳು. ಅಂಥವಳು ಹೊಸನಗರಕ್ಕೆ ಬಂದ ಮೊದಲ ಸಂಜೆ ಒಂದು ಹಳ್ಳವನ್ನು ಅಂಬೆಗಾಲಿಕ್ಕಿ ದಾಟಿದೆ. ಮೈಸೂರಿನ ಗೆಳತಿಯರು ನಗುವುದಾದರೆ ಈಗಲೇ ನಕ್ಕುಬಿಡಲಿ, ಮುಂದೆ ಹೇಳುವುದು ಬಹಳ ಇದೆ.

ನನಗೆ ಗೊತ್ತು ಮಾಡಿದ್ದ ಕೋಣೆ ಊರಂಚಿನ ಹಳ್ಳದ ಆಚೆಗಿತ್ತು. ಹಳ್ಳಕ್ಕೆ ಅಡ್ಡಲಾಗಿ ಒಂದು ಮರದ ದಿಮ್ಮಿ. ಇಲ್ಲಿಯವರು ಅದನ್ನು ಸಂಕ ಎನ್ನುತ್ತಾರೆ. ನಮ್ಮ ಕಡೆ ಸೇತುವೆ ಎಂದರೆ ಕಟಕಟೆ ಇರುತ್ತದೆ, ಎರಡು ಜಟಕಾ ಎದುರುಬದುರು ಬಂದರೂ ಜಾಗವಿರುತ್ತದೆ. ಸಂಕಕ್ಕೆ ಹಿಡಿದುಕೊಳ್ಳಲು ಒಂದು ಹಗ್ಗವೂ ಇರಲಿಲ್ಲ. ಕೆಳಗೆ ಕೆಂಪು ನೀರು ಅಬ್ಬರಿಸುತ್ತಿತ್ತು. ಕಾಲೇಜಿನ ತೊಲೆಯ ಕೆಳಗೆ ಹಾಸಿಗೆ ಹಾಸಿರುತ್ತಿದ್ದರು ಎಂಬುದು ಆಗ ನೆನಪಾಯಿತು. ನಾಲ್ಕು ಹೆಜ್ಜೆ ಇಟ್ಟವಳು ಕುಳಿತೆ, ಆಮೇಲೆ ಕೈಯೂರಿದೆ.

ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಹುಡುಗಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದೇಬಿಟ್ಟಳು. ದಿಮ್ಮಿಯ ನಡುವೆ ಎದುರಾದೆವು.

"ಅಕ್ಕಾ, ಹೊರೆ ಇದೆ. ನೀವು ಹಿಂದಕ್ಕೆ ಹೋಗಿ" ಎಂದಳು.

"ತಿರುಗಕ್ಕೆ ಬರಲ್ಲ ಕಣೆ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಅವಳು ನಗಲಿಲ್ಲ. ಹಿಮ್ಮಡಿ ಎತ್ತಿ, ಮುಂಗಾಲಿನ ಮೇಲೆ ತಿರುಗಿ, ನನಗೆ ಬೆನ್ನು ಮಾಡಿ ನಿಂತಳು. ಹೊರೆಯ ಒಂದು ಎಲೆಯೂ ಉದುರಲಿಲ್ಲ. ಹಾಗೆ ತಿರುಗಿದವಳು ಮುಂದೆ ಹೋಗಬೇಕಲ್ಲ, ಹೋಗಲಿಲ್ಲ. ನಾನು ಅವಳು ಹೋಗಲಿ ಎಂದು ಕಾದೆ. ಅವಳು ಇನ್ನೇನಕ್ಕೋ ಕಾದಳು.

"‘ಹೋ’ ಅನ್ನಿ ಅಕ್ಕಾ!"

"ಏನು?"

"‘ಹೋ’ ಅನ್ನಿ ಅಂದೆ. ಕುತ್ತಿಗೆ ನೋಯ್ತಾ ಇದೆ ನಂಗೆ!"

"ಹೋ" ಎಂದೆ. ತಕ್ಷಣ ಅವಳು ನೆಟ್ಟಗೆ ನಡೆದುಹೋದಳು.

ಇದು ಇಲ್ಲಿನ ಕಟ್ಟಳೆ ಎಂದು ಆಮೇಲೆ ತಿಳಿಯಿತು. ಸಂಕದ ಮೇಲೆ ಇಬ್ಬರು ಎದುರಾದರೆ ಹೊರೆ ಇಲ್ಲದವರು ತಿರುಗಬೇಕು. ತಿರುಗಿದವರು ಹಾಗೇ ನಿಲ್ಲಬೇಕು. ಇಬ್ಬರೂ ಒಟ್ಟಿಗೆ ಹೆಜ್ಜೆ ಇಟ್ಟರೆ ದಿಮ್ಮಿ ಕುಣಿದು ಇಬ್ಬರನ್ನೂ ನೀರಿಗೆ ಹಾಕುತ್ತದೆ. ಹಿಂದಿನವರು ಕಾಲು ಗಟ್ಟಿ ಮಾಡಿಕೊಂಡು ‘ಹೋ’ ಎಂದ ಮೇಲೆಯೇ ಮುಂದಿನವರು ಕದಲುವುದು. ನನ್ನ ಪಾಲಿಗೆ ಅವತ್ತು ಹೊರೆ ಹೊತ್ತವಳೇ ಕಟ್ಟಳೆ ಮುರಿದು ತಿರುಗಿದ್ದಳು.

ಬೆಳಗಾಗುವುದರೊಳಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಮನೆಯೊಡತಿ ಕಾವೇರಮ್ಮ ಬೆಲ್ಲದ ಕಾಫಿ ಮುಂದಿಟ್ಟು ಕೇಳಿದರು:

"ಎಂತ ಅಕ್ಕೋರೆ, ಅಂಬೆಗಾಲಲ್ಲಿ ಬಂದ್ರಂತೆ ಹೌದಾ?"

ಇಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಮೈಸೂರಿನಲ್ಲಿ ನಾನು ಮಿಸ್ ಆಗಿದ್ದೆ. ಮಿಸ್ಸನ್ನು ಮಕ್ಕಳು ದೂರದಿಂದ ಕಂಡು ಪಕ್ಕದ ಬೀದಿಗೆ ನುಸುಳುತ್ತಾರೆ. ಅಕ್ಕೋರ ಹಿಂದೆ ಮಾತ್ರ ಇಡೀ ಕೇರಿ ಬರುತ್ತದೆ. ಊಟ ಆಯ್ತಾ, ಎಂತ ಪಲ್ಯ, ಮದುವೆ ಎಂತಕ್ಕೆ ಆಗಿಲ್ಲ, ಎಲ್ಲವನ್ನೂ ವಿಚಾರಿಸುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಒಂದು ವಾರ ಜ್ವರ ಬಂದು ಮಲಗಿದಾಗ ಅದೇ ಕೇರಿ ಗಂಜಿ ತಂದು ಕುಡಿಸಿತು. ಆಮೇಲೆ ಪಲ್ಯದ ವರದಿಯನ್ನು ನಾನಾಗಿಯೇ ಒಪ್ಪಿಸತೊಡಗಿದೆ.

ಊಟಕ್ಕೆ ಒಗ್ಗಲು ಹೆಚ್ಚು ಕಾಲ ಹಿಡಿಯಿತು. ಕುಚ್ಚಲಕ್ಕಿ ಅನ್ನವನ್ನು ಮೊದಲ ದಿನ ಬೆಂದಿಲ್ಲ ಎಂದು ತಟ್ಟೆಯಲ್ಲೇ ಬಿಟ್ಟಿದ್ದೆ. ಎಳೆ ಬಿದಿರನ್ನು ಇಲ್ಲಿ ಕಳಲೆ ಎನ್ನುತ್ತಾರೆ, ಅದನ್ನು ನೆನೆಹಾಕಿ ಪಲ್ಯ ಮಾಡುತ್ತಾರೆ. ಬಿದಿರಿನ ಏಣಿಯನ್ನು ತಿನ್ನುವುದು ಹೇಗೆ ಎಂದು ನಾನು ಕೇಳಿದ್ದನ್ನು ಕಾವೇರಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಭಾನುವಾರದ ಸಂಜೆಗಳು ಮಾತ್ರ ಕಷ್ಟದವು. ಮೈಸೂರಿನಲ್ಲಾದರೆ ಆ ಹೊತ್ತಿಗೆ ಬ್ಯಾಂಡು, ದೀಪ, ಮಲ್ಲಿಗೆ ಮಾರುವವರ ಕೂಗು. ಇಲ್ಲಿ ಜೀರುಂಡೆ. ಕಿಟಕಿಯ ಬಳಿ ಕುಳಿತು ಅತ್ತಿದ್ದೇನೆ, ಅದನ್ನು ಮುಚ್ಚಿಡುವುದೇಕೆ? ಬಂದ ಮೂರನೆಯ ತಿಂಗಳಿಗೇ ಮೈಸೂರಿಗೆ ವರ್ಗ ಕೇಳಿದ್ದೆ.

ಶಾಲೆಯಲ್ಲಿ ಆ ಸೊಪ್ಪಿನ ಹುಡುಗಿ ಮತ್ತೆ ಸಿಕ್ಕಳು. ಹೆಸರು ಗಿರಿಜೆ, ಒಂಬತ್ತನೆಯ ತರಗತಿ. ಅವಳ ಮನೆಯವರೂ ನನ್ನ ಹಾಗೆ ಇಲ್ಲಿಗೆ ಹೊಸಬರೇ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಅವರ ಊರು ಮುಳುಗಿತು. ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನೂ ಮನೆಯನ್ನೂ ಬಿಟ್ಟು ಗಾಡಿ ಕಟ್ಟಿಕೊಂಡು ಬಂದವರು. ಊರವರು ಅವರನ್ನು ಇನ್ನೂ ‘ಮುಳುಗಡೆಯವರು’ ಎಂದೇ ಗುರುತಿಸುತ್ತಿದ್ದರು.

ಬಂದ ಮೇಲೆ ನನಗೆ ಎದುರಾದ ದೊಡ್ಡ ಸಂಕಟ ಹೆಡ್‌ಮಾಸ್ತರರ ಕೋಣೆಯಲ್ಲಿತ್ತು. ಅವರು ತೀರ್ಥಹಳ್ಳಿ ಕಡೆಯ ಗೌಡರು, ಮೆದು ಮಾತಿನವರು. ಮೆದುವಾಗಿಯೇ ಹೇಳಿದರು:

"ನೋಡೀಮ್ಮಾ, ಹೆಣ್ಮಕ್ಕಳಿಗೆ ಡ್ರಿಲ್ ಎಂತಕ್ಕೆ ಅಂತ ಊರಲ್ಲಿ ಕೇಳ್ತಿದಾರೆ. ಆ ಪಿರಿಯಡ್ಡಲ್ಲಿ ಹೊಲಿಗೆ ಹೇಳ್ಕೊಟ್ರೆ ಉಪಯೋಗ ಆದ್ರೂ ಆಗ್ತದೆ ಅಂತಾರೆ. ಸಾಗರದಲ್ಲಿ ಮೂರು ತಾಲ್ಲೂಕಿನ ಕ್ರೀಡಾಕೂಟ ಇದೆ. ಅಲ್ಲಿ ನಮ್ಮ ಮರ್ಯಾದೆ ಉಳಿದ್ರೆ ನಿಮ್ಮ ಪಿರಿಯಡ್ ಉಳೀತದೆ. ನಗೆಪಾಟಲಾದ್ರೆ ನಾನೂ ಎಂತ ಮಾಡಕ್ಕೂ ಬರಲ್ಲ."

ಹೊಲಿಗೆಯ ಮೇಲೆ ನನಗೆ ಹಗೆಯಿಲ್ಲ, ನನ್ನ ರವಿಕೆಗಳನ್ನು ನಾನೇ ಹೊಲಿದುಕೊಳ್ಳುತ್ತೇನೆ. ಆದರೆ ಆ ಹುಡುಗಿಯರು ಯಾರ ಕೆಲಸಕ್ಕೂ ಅಲ್ಲದೆ, ಸುಮ್ಮನೆ ತಮ್ಮ ಖುಷಿಗೆ ಕೈಕಾಲು ಆಡಿಸುತ್ತಿದ್ದದ್ದು ಆ ಒಂದು ಹೊತ್ತಿನಲ್ಲಿ ಮಾತ್ರ. ಅದನ್ನೂ ಕಿತ್ತುಕೊಂಡು ಮತ್ತೆ ನೆಲಕ್ಕೆ ಕೂರಿಸುತ್ತೇವೆ ಎಂದರೆ ಮೈ ಉರಿಯಿತು. ಆಗಲಿ ಸಾರ್, ಸಾಗರಕ್ಕೆ ಬರುತ್ತೇವೆ ಎಂದೆ.

ಮದರಾಸಿನಲ್ಲಿದ್ದಾಗ ಒಬ್ಬ ಪರದೇಶಿ ಶಿಕ್ಷಕಿ ನಮಗೊಂದು ಹೊಸ ಬಗೆಯ ವ್ಯಾಯಾಮ ಕಲಿಸಿದ್ದರು. ಯೂರೋಪಿನ ಹೆಂಗಸರು ಸಂಗೀತದ ಲಯಕ್ಕೆ ಚೆಂಡನ್ನೋ ದೊಡ್ಡ ಬಳೆಯನ್ನೋ ಹಿಡಿದು ಮಾಡುವಂಥದು. ಅದರ ಜೀವ ಎರಡರಲ್ಲಿದೆ. ಒಂದು ನಿಲುವು: ಹಿಮ್ಮಡಿ ಎತ್ತಿ ಒಂದೇ ಮುಂಗಾಲಿನ ಮೇಲೆ, ಇನ್ನೊಂದು ಪಾದವನ್ನು ಮೊಣಕಾಲಿಗೆ ತಾಗಿಸಿ, ಅಲುಗದೆ ನಿಲ್ಲುವುದು. ಇನ್ನೊಂದು ಪಿವೋಟ್: ಹಾಗೆ ನಿಂತೇ ಪಾದವನ್ನು ಜಾಗ ಬಿಡದೆ ಪೂರ್ತಿ ಒಂದು ಸುತ್ತು ತಿರುಗುವುದು. ಮೇದಾರರ ಹತ್ತಿರ ಬೆತ್ತದ ಬಳೆಗಳನ್ನು ಮಾಡಿಸಿದೆ. ಎಂಟು ಹುಡುಗಿಯರನ್ನು ಆರಿಸಿದೆ. ಬಿಳಿ ಪೈಜಾಮ, ಉದ್ದ ಅಂಗಿ ಎಂದು ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದೆ. ಅಂಗಳದ ಕೆಂಪು ನೆಲದ ಮೇಲೆ ಪಾದ ತಿರುಗಿಸಿದರೆ ಚರ್ಮ ಸುಲಿಯುತ್ತಿತ್ತು. ಹುಡುಗಿಯರೇ ಒಂದು ಕೋಣೆಯ ನೆಲ ಸಾರಿಸಿ ನುಣುಪು ಮಾಡಿದರು.

ನಿಲುವು ಅವರಿಗೆ ಮೊದಲ ದಿನವೇ ಬಂತು. ಮೈಸೂರಿನ ಹುಡುಗಿಯರಿಗೆ ಕಲಿಸಲು ನನಗೆ ಒಂದು ಟರ್ಮ್ ಹಿಡಿದಿತ್ತು. ಇವರು ಒಂಟಿ ಕಾಲಿನಲ್ಲಿ ನಿಂತೇ ಮನೆಯ ಕರುವಿನ ಸಮಾಚಾರ ಮಾತಾಡುತ್ತಿದ್ದರು. ತೊಡಕಿದ್ದದ್ದು ಪಿವೋಟಿನಲ್ಲಿ. ಮೊದಲನೆಯದಾಗಿ ಕಾಲ್ಬೆರಳುಗಳಿಂದ ನೆಲವನ್ನು ಕಚ್ಚಿ ಹಿಡಿಯುತ್ತಿದ್ದರು. ಬೆರಳು ಸಡಿಲ ಬಿಡಿ, ನೆಲ ಎಲ್ಲಿಗೂ ಓಡಿಹೋಗಲ್ಲ ಎಂದು ಬೈದು ಬೈದು ಅದನ್ನು ಬಿಡಿಸಿದೆ. ಎರಡನೆಯದು ನನ್ನ ಬೈಗುಳಕ್ಕೆ ಬಗ್ಗಲಿಲ್ಲ. ಎಂಟು ಜನರೂ ಅರ್ಧ ಸುತ್ತು ತಿರುಗಿ, ನನಗೆ ಬೆನ್ನು ಹಾಕಿ, ಗಪ್ಪನೆ ನಿಂತುಬಿಡುತ್ತಿದ್ದರು.

"ಇನ್ನರ್ಧ ಎಲ್ಲೇ?" ಎಂದು ಕೂಗುತ್ತಿದ್ದೆ.

"ತಾನಾಗೇ ನಿಲ್ತದೆ ಅಕ್ಕೋರೆ, ನಾವೆಂತ ಮಾಡಾಣ?" ಎನ್ನುತ್ತಿದ್ದಳು ಗಿರಿಜೆ.

ಹುಟ್ಟಿದಾಗಿನಿಂದ ಸಂಕದ ಮೇಲೆ ತಿರುಗಿದ ಕಾಲುಗಳು ಅವು. ಅರ್ಧ ತಿರುಗಿದರೆ ಬಂದ ದಾರಿ ಕಾಣುತ್ತದೆ, ಅಲ್ಲಿ ನಿಂತು ‘ಹೋ’ ಕೇಳಬೇಕು. ಪೂರ್ತಿ ಸುತ್ತು ತಿರುಗುವ ಅಗತ್ಯ ಯಾರಿಗೆ ಬಿದ್ದಿತ್ತು? ಕಾರಣ ಗೊತ್ತಾದರೂ ಕೆಲಸ ಸುಲಭವಾಗಲಿಲ್ಲ. ಭುಜ ಹಿಡಿದು ತಿರುಗಿಸಿದೆ, ಗೋಡೆಗೆ ಸುಣ್ಣದ ಬೊಟ್ಟು ಇಟ್ಟು ಅದನ್ನೇ ಹುಡುಕಿ ತಿರುಗಿ ಎಂದೆ. ಸಾಗರಕ್ಕೆ ಹೊರಡುವ ವೇಳೆಗೆ ಸಾರಿಸಿದ ನೆಲದ ಮೇಲೆ, ನಾನು ಕಣ್ಣು ಬಿಟ್ಟು ನೋಡುತ್ತಿದ್ದರೆ, ಪೂರ್ತಿ ಸುತ್ತು ಹೇಗೋ ಬರುತ್ತಿತ್ತು.

ಸಾಗರದ ಮೈದಾನದಲ್ಲಿ ಜಾತ್ರೆಯಷ್ಟು ಜನ. ತೀರ್ಥಹಳ್ಳಿಯವರು ಲೇಜಿಮ್ ಆಡಿ ಮೈದಾನವನ್ನು ಗಲಗಲ ಎನ್ನಿಸಿದರು. ಸಾಗರದ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟಿದರು. ನಮ್ಮ ಸರದಿ ಕೊನೆಗೆ. ಹಲಗೆ ಹಾಸಿದ ವೇದಿಕೆಯ ಮುಂದೆ ಶಿವಮೊಗ್ಗದಿಂದ ಬಂದ ಶಾಲಾ ಇನ್‌ಸ್ಪೆಕ್ಟ್ರೆಸ್ ಕುಳಿತಿದ್ದರು. ಅವರ ಪಕ್ಕದಲ್ಲಿ ನಮ್ಮ ಹೆಡ್‌ಮಾಸ್ತರರು. ನಮ್ಮ ಶಾಲೆಯ ಕನ್ನಡ ಪಂಡಿತರು ಹಾರ್ಮೋನಿಯಂ ಹಿಡಿದರು.

ಬಳೆಗಳು ಒಟ್ಟಿಗೆ ಎದ್ದವು, ಒಟ್ಟಿಗೆ ಉರುಳಿದವು. ನಿಲುವಿಗೆ ಜನ ಭೇಷ್ ಎಂದರು. ಕೊನೆಯ ಪಿವೋಟು ಬಂತು. ಬಳೆಯನ್ನು ತಲೆಯ ಮೇಲೆತ್ತಿ, ಒಂಟಿ ಮುಂಗಾಲಿನಲ್ಲಿ ಪೂರ್ತಿ ಸುತ್ತಿ, ಅತಿಥಿಗಳಿಗೆ ಮುಖ ಮಾಡಿ ನಿಲ್ಲಬೇಕು. ಎಂಟು ಜನ ಒಮ್ಮೆಗೇ ತಿರುಗಿದರು. ವೇದಿಕೆಯ ಹಲಗೆ ತುಸು ಕುಣಿಯಿತು.

ಅಷ್ಟೇ ಸಾಕಾಯಿತು. ಕಾಲ ಕೆಳಗೆ ಮರ ಅಲುಗಿದ್ದೇ ಅವರ ಪಾದಗಳು ನನ್ನ ಪಾಠವನ್ನೆಲ್ಲ ಮರೆತವು. ಅರ್ಧಕ್ಕೆ ನಿಂತರು. ಎಂಟೂ ಬೆನ್ನುಗಳು ಇನ್‌ಸ್ಪೆಕ್ಟ್ರೆಸ್ ಅವರ ಕಡೆಗೆ. ಹಾರ್ಮೋನಿಯಂ ತಡವರಿಸಿ ನಿಂತಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮಾಸ್ತರರು ಹಣೆಗೆ ಕೈಯಿಟ್ಟುಕೊಂಡರು.

ಆಗ ನೋಡಿದೆ, ಒಂದು ಹಿಮ್ಮಡಿಯೂ ನೆಲಕ್ಕೆ ಇಳಿದಿರಲಿಲ್ಲ. ಒಂದು ಬಳೆಯೂ ನಡುಗುತ್ತಿರಲಿಲ್ಲ. ಅವರು ಸೋತು ನಿಂತಿರಲಿಲ್ಲ, ಕಾಯುತ್ತಿದ್ದರು.

ವೇದಿಕೆಯ ಅಂಚಿನಿಂದ ಗಂಟಲು ಹರಿಯುವಂತೆ ಕೂಗಿದೆ: "ಹೋ!"

ಎಂಟು ಹುಡುಗಿಯರು ಅದೇ ಪಾದದ ಮೇಲೆ, ಇನ್ನೊಂದು ಕಾಲನ್ನು ಊರದೆ, ಉಳಿದ ಅರ್ಧವನ್ನು ಒಂದೇ ಉಸಿರಿಗೆ ತಿರುಗಿ ಎದುರು ನಿಂತರು. ನಡುವೆ ನಿಂತು ಮತ್ತೆ ತಿರುಗುವುದು ಒಂದೇ ಸುತ್ತಿಗಿಂತ ಎಷ್ಟು ಕಷ್ಟ ಎಂದು ಮಾಡಿದವರಿಗೆ ಗೊತ್ತು. ನನಗೆ ಆಗುವುದಿಲ್ಲ, ನಮ್ಮ ಪರದೇಶಿ ಶಿಕ್ಷಕಿ ಮಾಡಿದ್ದನ್ನೂ ನಾನು ಕಂಡಿಲ್ಲ.

ಜನರ ನಡುವಿನಿಂದ ಒಬ್ಬ ಮುದುಕರು ಎದ್ದು, ಎರಡೂ ಕೈ ಬಾಯಿಗೆ ಹಿಡಿದು "ಹೋ!" ಎಂದರು. ಅಲ್ಲಿದ್ದವರಲ್ಲಿ ಸಂಕ ದಾಟದವರು ಯಾರು? ಮೈದಾನಕ್ಕೆ ಮೈದಾನವೇ ‘ಹೋ’ ಎಂದಿತು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಗದ್ದಲ. ಎರಡನೆಯ ಸಲ ಹುಡುಗಿಯರು ಬೇಕೆಂದೇ ಅರ್ಧಕ್ಕೆ ನಿಂತರು, ಕೂಗು ಕೊಟ್ಟದ್ದು ಜನ. ಗಿರಿಜೆಯ ಹಲ್ಲು ಅಷ್ಟೊಂದು ಕಂಡದ್ದು ಅವತ್ತೇ. ನಾನು ನಾಚಿಕೆ ಬಿಟ್ಟು ಅತ್ತೆ. ಗೆದ್ದದ್ದಕ್ಕೆ ಅಳುವುದು ಎಷ್ಟು ಹಿತ ಎಂದು ಅವತ್ತು ತಿಳಿಯಿತು.

ಮೊದಲ ಬಹುಮಾನ ನಮಗೇ. ಹೆಡ್‌ಮಾಸ್ತರರು ಓಡಿ ಬಂದು, "ಹೊಲಿಗೆಗೆ ಬೇರೆ ಪಿರಿಯಡ್ ಹುಡುಕ್ತೀನಮ್ಮಾ, ನಿಮ್ಮದಕ್ಕೆ ಇನ್ನು ಯಾರೂ ಕೈ ಹಾಕಲ್ಲ" ಎಂದರು. ಇನ್‌ಸ್ಪೆಕ್ಟ್ರೆಸ್ ನನ್ನ ಕೈ ಹಿಡಿದು, "ನೀನು ಮೈಸೂರಿಗೆ ವರ್ಗ ಕೇಳಿದ್ದೀಯಂತೆ. ನಾನೇ ಮಾಡಿಸುತ್ತೇನೆ, ಯಾವಾಗ ಬೇಕು ಹೇಳು" ಎಂದರು. ಹುಡುಗಿಯರು ಪಕ್ಕದಲ್ಲೇ ಇದ್ದರು.

ಹೊಸನಗರದ ಬಸ್ಸಿನಲ್ಲಿ ಮೊದಲು ಹಾಡು, ಕಿರುಚಾಟ. ಆಮೇಲೆ ಒಬ್ಬೊಬ್ಬರೇ ತಣ್ಣಗಾದರು. ಗಿರಿಜೆ ನನ್ನ ಪಕ್ಕಕ್ಕೆ ಬಂದು ಕುಳಿತಳು.

"ಅಕ್ಕೋರೆ, ಹೋಗ್ತೀರಾ?"

"ಗೊತ್ತಿಲ್ಲ ಕಣೆ. ಅದು ನಮ್ಮೂರಲ್ವಾ?"

ಅವಳು ತಲೆಯಾಡಿಸಿದಳು.

"ಹೌದು. ಊರು ಇರೋರು ಹೋಗ್ಬೇಕು. ನಮ್ಮದಾದ್ರೆ ನೀರೊಳಗಿದೆ, ಹೋಗಕ್ಕೆ ಬರಲ್ಲ. ನೀವು ಹೋಗಿ ಅಕ್ಕೋರೆ." ಆಮೇಲೆ ನನ್ನ ಸೆರಗಿನ ಅಂಚು ಹಿಡಿದುಕೊಂಡಳು. "ಆದ್ರೆ ಪೂರ್ತಿ ಸುತ್ತು ಕಲಿಸ್ದೆ ಹೋಗ್ಬೇಡಿ. ನಂಗಿನ್ನೂ ಬರಲ್ಲ."

ಕಲಿಸಿ ಹೋಗುತ್ತೇನೆ ಎಂದು ಮಾತು ಕೊಟ್ಟೆ. ಇನ್‌ಸ್ಪೆಕ್ಟ್ರೆಸ್ ಅವರಿಗೂ ಮೈಸೂರಿನ ಅಮ್ಮನಿಗೂ ಹಾಗೆಯೇ ತಿಳಿಸಿದೆ. ಅದಾಗಿ ಎರಡು ವರ್ಷ. ಪೂರ್ತಿ ಸುತ್ತು ಗಿರಿಜೆಗೆ ಆ ಮಳೆಗಾಲದಲ್ಲೇ ಬಂತು, ಉಳಿದವರಿಗೆ ದೀಪಾವಳಿಯ ಹೊತ್ತಿಗೆ. ರಜೆಗೆ ಮೈಸೂರಿಗೆ ಹೋದಾಗಲೆಲ್ಲ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಕೇಳುತ್ತಾಳೆ, "ಕಲಿತರೇನೇ ನಿನ್ನ ಹುಡುಗಿಯರು?" ಅವಳ ಕೈಯ ಕೆಳಗೆ ಕುಳಿತಾಗ ಎಲ್ಲಿಗೂ ಹೋಗುವುದೇ ಬೇಡ ಅನ್ನಿಸುತ್ತದೆ.

"ಇನ್ನೂ ಇಲ್ಲಮ್ಮ" ಎನ್ನುತ್ತೇನೆ. ಬೆನ್ನು ಅವಳ ಕಡೆಗಿರುವುದರಿಂದ ನನ್ನ ಮುಖ ಅವಳಿಗೆ ಕಾಣುವುದಿಲ್ಲ.