ಸಂಡಾಸಕ್ಕ ಯಾರ ಹೆಸರು?

ಪುಣೆಯೊಳಗ ಕಾತ್ರಜದ ಕಡೆ ಇರೋ ಆ ಕನ್ನಡ ಸಾಲಿಗೆ ಒಮ್ಮೆ ಬಂದು ನೋಡ್ರಿ. ಹೆಸರಿಲ್ಲದ ಸಾಮಾನು ಒಂದೂ ಸಿಗಂಗಿಲ್ಲ. ಬೆಂಚಿನ ಮ್ಯಾಲೆ ಯಾರದೋ ಅಪ್ಪ, ನೀರಿನ ಫಿಲ್ಟರಿನ ಮ್ಯಾಲೆ ಯಾರದೋ ಅತ್ತಿ, ಫ್ಯಾನಿನ ರೆಕ್ಕಿ ಮ್ಯಾಲೆ ಯಾರದೋ ಅಜ್ಜ. ಸ್ವಿಚ್ ಒತ್ತಿದ್ರ ಪಾಪ, ಆ ಅಜ್ಜ ಗರಗರ ತಿರಗತಾನ. ಎಲ್ಲಾ ನಮ್ಮ ಶಿಕ್ಷಣ ಪ್ರತಿಷ್ಠಾನದ ಪ್ರತಾಪ. ಅದರ ಕಮಿಟಿಯೊಳಗ ನಾನೂ ಹತ್ತು ವರ್ಷದಿಂದ ಕುಂತೀನಿ, ಹಂಗಾಗಿ ಬೈಯೋ ಹಕ್ಕು ನನಗ ಅದ.

ನಾವು ರೊಕ್ಕ ಕೂಡಿಸೋದು ರೊಟ್ಟಿ ಊಟದಿಂದ. ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗದಮ್ಯಾಲೆ, ಸ್ವಾರಗೇಟ ಹತ್ರ ಒಂದು ಹಾಲ್ ಹಿಡದು ಕೂಪನ್ ಮಾರತೀವಿ. ಪಿಂಪ್ರಿ-ಚಿಂಚವಾಡದ ಕಾರ್ಖಾನಿ ಮಂದಿ ಬರ್ತಾರ, ಬೆಂಗಳೂರು ಕಡೆಯ ಐಟಿ ಹುಡುಗರು ಬಂದು 'ಎಣ್ಣೆಗಾಯಿ ಸೂಪರ್ ಆಗಿದೆ ಆಂಟಿ' ಅಂತಾರ. ಊಟ ಆದಮ್ಯಾಲೆ ಯಾರರ ಒಬ್ಬರು ಎದ್ದು 'ನಮ್ಮ ತಂದಿಯವರ ಹೆಸರಿಲೆ ಎರಡು ಬೆಂಚು' ಅಂತ ಕೂಗ್ತಾರ, ಎಲ್ಲಾರೂ ಚಪ್ಪಾಳಿ ಹೊಡೀತಾರ. ಆಮ್ಯಾಲೆ ಸಾಲಿಗಳ ಅರ್ಜಿ ಮುಂದಿಟ್ಟುಕೊಂಡು ಯಾವ ಹೆಸರು ಯಾವ ಸಾಮಾನಿಗೆ ಅಂತ ಜೋಡಸ್ತೀವಿ. ಹೆಸರು ಸಿಗದ ಸಾಮಾನಿಗೆ ಅನುದಾನ ಇಲ್ಲ. ಇದು ನಮ್ಮ ಪದ್ಧತಿ.

ಆ ರೊಟ್ಟಿ ಬಡಿಯೋರು ಯಾರು? ಅದೇ ಸಾಲಿ ಮಕ್ಕಳ ಅವ್ವಂದಿರು. ಕಟ್ಟಡದ ಕೆಲಸಕ್ಕ ಹೋಗೋ ಹೆಣಮಕ್ಕಳು, ಒಂದು ದಿನದ ಪಗಾರ ಬಿಟ್ಟು ಬಂದು ಒಲಿ ಮುಂದ ಕುಂದರತಾರ. ಹೋದ ವರ್ಷ ಅವರೊಳಗ ಒಬ್ಬಾಕಿ ಹಿಟ್ಟು ನಾದಿಕೋಂತ ನನಗ ಹೇಳಿದ್ಲು: 'ಅಕ್ಕಾರ, ಬ್ಯಾಸಗಿ ಸೂಟಿ ಆದಮ್ಯಾಲೆ ಮಗಳನ್ನ ಸಾಲಿ ಬಿಡಸ್ತೀನ್ರಿ. ದೊಡ್ಡಾಕಿ ಆಗ್ಯಾಳ. ಅಲ್ಲಿ ಸಂಡಾಸಕ್ಕ ಬಾಗಿಲಿಲ್ಲ, ನೀರಿಲ್ಲ. ಮುಂಜಾನಿಂದ ಸಂಜಿತನಕಾ ಹನಿ ನೀರು ಕುಡಿಯಂಗಿಲ್ರಿ ಹುಡುಗಿ.'

ಮರುವಾರ ಸಾಲಿಗೆ ಹೋದೆ. ಬಾಗಿಲು ಇರಬೇಕಾದ ಜಾಗಾದಾಗ ಹರಕು ಗೋಣಿಚೀಲ ಜೋತಾಡ್ತಿತ್ತು. ಆ ಹುಡುಗಿ ಏಳನೇ ಕ್ಲಾಸು, ಲೆಕ್ಕದಾಗ ಸಾಲಿಗೇ ಮುಂದು. ಸಾಲಿ ಬಿಡೋ ಹೊತ್ತಿಗೂ ಆಕಿ ಬಾಟಲಿ ಕಂಠಮಟ ತುಂಬಿತ್ತು. 'ಯಾಕವಾ, ಕುಡದಿಲ್ಲೇನ?' ಅಂದ್ರ ನೆಲ ನೋಡಿದ್ಲು. ಮುಖ್ಯಾಧ್ಯಾಪಕಿ ಅಂದ್ರು, 'ಸಂಡಾಸಕ್ಕಂತ ಮೂರು ವರ್ಷದಿಂದ ಅರ್ಜಿ ಹಾಕ್ತೀನ್ರಿ, ನಿಮ್ಮ ಕಡೆಯಿಂದ ಎರಡನೇ ಫಿಲ್ಟರ್ ಬಂತು.' ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಆ ಮೂರೂ ಅರ್ಜಿ ನಾನೂ ಓದಿದ್ದೆ. 'ದಾನಿ ಸಿಕ್ಕಿಲ್ಲ' ಅಂತ ಬರದು ಕೆಳಗ ಸಹಿ ಹಾಕಿದೋರೊಳಗ ನಾನೂ ಒಬ್ಬಾಕಿ.

ಮುಂದಿನ ಮೀಟಿಂಗಿನ್ಯಾಗ ವಿಷಯ ತಗದೆ. ನಮ್ಮ ಅಧ್ಯಕ್ಷರು ಕೆಟ್ಟ ಮನಷ್ಯಾ ಅಲ್ಲ, ಆದ್ರ ಸಂಡಾಸ ಅನ್ನೋ ಮಾತಿಗೇ ಅಂಗೈಲೆ ಚಹಾದ ಕಪ್ ಮುಚ್ಚಿಕೊಂಡ್ರು.

'ಅಕ್ಕಾರ, ಸಂಡಾಸದ ಮ್ಯಾಲೆ ನಿಮ್ಮ ಅಪ್ಪನ ಹೆಸರು ಬರಸ್ರಿ ಅಂತ ಯಾರಿಗೆ ಕೇಳ್ಲಿ? ಮಾರಿಗೆ ಉಗುಳ್ತಾರ.'

'ಹೆಸರು ಬರೀದಂಗ ಕಟ್ಟಸ್ರಿ.'

'ಪದ್ಧತಿ ಮುರದ್ರ ನಾಳೆ ಯಾರೂ ಒಂದು ಪೈಸಾ ಬಿಚ್ಚಂಗಿಲ್ಲ. ಬೇಕಂದ್ರ ಇನ್ನೊಂದು ಫಿಲ್ಟರ್ ಕೊಡೂಣು.'

ನನ್ನ ಮೈ ಉರದು ಹೋತು. 'ಏನ್ರೀ, ಫಿಲ್ಟರ್ ಮ್ಯಾಲೆ ಫಿಲ್ಟರ್ ಕೊಟ್ಟು ನೀರು ಕುಡಸ್ತೀರಿ, ಆ ಹುಡುಗ್ಯಾರು ಎಲ್ಲಿ ಹೋಗಬೇಕು? ನಿಮ್ಮ ಮನಿಗೆ ಬರಬೇಕೇನು?' ಅಂದೆ. 

ಒದರೋದೇನೋ ಒದರಿದೆ. ಆದ್ರ ಸಿಟ್ಟು ತಿರುಗಿ ನನ್ನ ಮ್ಯಾಲೇ ಬಂತು. ಅದೇ ಸಾಲಿಯ ಆಫೀಸಿನ್ಯಾಗ ಒಂದು ಕಬ್ಬಿಣದ ಕಪಾಟು ಅದ, ಕೆಂಪು ಅಕ್ಷರದಾಗ ನಮ್ಮವ್ವನ ಹೆಸರು. ಅಕಿ ತೀರಿಹೋದ ವರ್ಷ ನಾನೇ ಕೊಡಿಸಿದ್ದು. ನಮ್ಮವ್ವ ವಿಜಯಪುರದ ಕಡೆಯಿಂದ ಬಂದು ಈ ಪುಣೆಯೊಳಗ ಇಪ್ಪತ್ತು ವರ್ಷ ಸಿಮೆಂಟು ಹೊತ್ತಾಕಿ. ಎಷ್ಟು ಮಾಳಗಿ ಹತ್ತಿ ಮಂದಿ ಸಂಡಾಸಕ್ಕ ಬಿಳೇ ಫರಸಿ ಸಾಗಿಸ್ಯಾಳೋ, ಅಕಿಗೆ ಕುಂದರಾಕ ಮಾತ್ರ ಒಂದು ಮರೆಯ ಜಾಗಾ ಇರಲಿಲ್ಲ. ಕತ್ತಲಿದ್ದಾಗ ಎದ್ದು ಹೋದ್ರ ಹೋದ್ಲು, ಇಲ್ಲಂದ್ರ ಹೊತ್ತು ಮುಳುಗೋತನಕಾ ತಡಕೊಳ್ಳೋದು. ಅದಕ್ಕಂತ ನೀರೇ ಕುಡೀತಿರಲಿಲ್ಲ. ಕಡಿಕಡಿಗೆ ಹೊಟ್ಟಿ ಹಿಡಕೊಂಡು ಒದ್ದಾಡ್ತಿದ್ಲು. ಅಂಥಾಕಿ ಹೆಸರು ನಾನು ಒಯ್ದು ಹಳೇ ಫೈಲು ತುಂಬೋ ಕಪಾಟಿನ ಮ್ಯಾಲೆ ಬರಿಸಿದ್ದೆ, ಚಂದ ಕಾಣತದ ಅಂತ. ಥೂ ನನ್ನ!

'ಬರಕೋರಿ' ಅಂದೆ. 'ಸಂಡಾಸಕ್ಕ ನಮ್ಮವ್ವನ ಹೆಸರು.'

ಅಧ್ಯಕ್ಷರು ಗಾಬರಿ ಆದ್ರು. 'ಬ್ಯಾಡ್ರಿ ಅಕ್ಕಾರ, ತೀರಿಕೊಂಡ ಹೆಣಮಗಳಿಗೆ ಅವಮಾನ ಆಗತದ.'

'ಅವಮಾನ ಅಕಿ ಬದುಕಿದ್ದಾಗ ಆಗ್ಯದ್ರಿ. ದಿನಾ ಆಗ್ಯದ.'

ಬರಕೊಂಡ್ರು. ಆ ಬ್ಯಾಸಗಿ ಸೂಟಿಯೊಳಗ ಹಿಂದ ಬಿದ್ದು ಕಟ್ಟಿಸಿದೆ. ಹುಡುಗಿಯ ಅವ್ವನೇ ಅದಕ್ಕ ಇಟ್ಟಂಗಿ ಹೊತ್ಲು, ಸಾಲಿ ಬಿಡಸೋ ಮಾತು ಮತ್ತ ಎತ್ತಲಿಲ್ಲ. ಬೆಂಚು ಕೊಟ್ಟಾಗ ಹಾರ ತುರಾಯಿ ಹಿಡಕೊಂಡು ಬರೋ ಕಮಿಟಿ, ಇದರ ಫೋಟೋಕ್ಕ ಒಬ್ಬರೂ ಬರಲಿಲ್ಲ. ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಟ್ರಾಫಿಕ್. ಹಾಳಾಗಿ ಹೋಗ್ರಿ ಅಂದೆ.

ಸಾಲಿ ಶುರು ಆದ ದಿನ ಆ ಹುಡುಗಿ ಬಾಗಿಲ ಮ್ಯಾಲಿನ ಹೆಸರು ಓದಿದ್ಲು. 'ಇವರು ಯಾರ್ರಿ ಅಕ್ಕಾರ?'

'ನಮ್ಮವ್ವ.'

'ಏನು ಮಾಡ್ತಿದ್ರು?'

'ನಿಮ್ಮವ್ವ ಮಾಡೋ ಕೆಲಸಾನ.'

ಬಾಟಲಿ ನನ್ನ ಕೈಯಾಗ ಕೊಟ್ಟು ಒಳಗ ಹೋದ್ಲು. ಒಳಗಿಂದ ಚಿಲಕ ಹಾಕಿದ ಸಪ್ಪಳ ಕೇಳಿಸ್ತು, ನೀರು ಸುರುವಿದ ಸಪ್ಪಳ ಕೇಳಿಸ್ತು. ಹೊರಗ ಬಂದಾಕಿನೇ ಕೈ ತೊಳಕೊಂಡು, ಬಾಟಲಿ ಇಸಗೊಂಡು, ಅರ್ಧ ಬಾಟಲಿ ನೀರು ಗಟಗಟ ಕುಡದ್ಲು. ನನಗ ಅಳು ಬಂತು, ಅದರ ಜೋಡಿ ಸಿಟ್ಟೂ ಬಂತು. ಒಂದು ಹುಡುಗಿ ಹಗಲ ಹೊತ್ತಿನ್ಯಾಗ ನೀರು ಕುಡೀಲಾಕ ನಮಗ ಮೂರು ವರ್ಷ ಹಿಡೀತು.